ನಿಜಾಮರ ಸೀಮೆಯಲ್ಲೊಂದು ಸಿನಿಮಾ ಕಂಪನಿ

(ಬೀದರಿನಲ್ಲಿ ಶಿಕ್ಷಕರು ಹಾಗೂ ಚಲನಚಿತ್ರಾಸಕ್ತರ ಎದುರು ನೀಡಿದ ಉಪನ್ಯಾಸದ ಬರಹ ರೂಪ)



ಕನ್ನಡ ಸಿನಿಮಾದ ಚರಿತ್ರೆ ಎಲ್ಲಿಂದ ಆರಂಭವಾಗುತ್ತದೆಂದು ನಮ್ಮ ಹೈಸ್ಕೂಲಿನ ಯಾವ ಹುಡುಗನನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ: 1934, 'ಸತಿ ಸುಲೋಚನ', ಬೆಂಗಳೂರು. ಉತ್ತರ ಸರಿಯಾಗಿಯೇ ಇದೆ, ಪೂರ್ತಿ ಅಂಕ ಕೊಡಬೇಕು. ಆದರೆ ಈ ಸಭೆಯಲ್ಲಿ ಬೀದರಿನವರಿದ್ದೀರಿ, ಭಾಲ್ಕಿಯಿಂದ ಬಂದವರಿದ್ದೀರಿ, ಔರಾದಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರೂ ಇದ್ದೀರಿ. ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಆ 1934ರಲ್ಲಿ ಬೆಂಗಳೂರು ನಮಗೆ ಏನಾಗಿತ್ತು?

ಪರರಾಜ್ಯವಾಗಿತ್ತು. ನಮ್ಮ ಅಜ್ಜಂದಿರ ಅಂಗಿಯ ಕಿಸೆಯಲ್ಲಿದ್ದದ್ದು ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ. ತಹಸೀಲು ಕಚೇರಿಯ ಕಾಗದ ಉರ್ದುವಿನಲ್ಲಿ, ಕೋರ್ಟಿನ ತೀರ್ಪು ಉರ್ದುವಿನಲ್ಲಿ, ಶಾಲೆಯ ಪಾಠ ಉರ್ದುವಿನಲ್ಲಿ. ಭಾಲ್ಕಿ ಸೀಮೆಯಲ್ಲಿ ಪಾಯಿಗಾ ಅಮೀರರ ಆಡಳಿತ. ಎಲ್ಲರ ಮೇಲೆ ಹೈದರಾಬಾದಿನಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ನಾವು ಅವರ ಪ್ರಜೆಗಳು. ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ರಂದು. ಅದೂ ಜಿಲ್ಲೆ ಇಡಿಯಾಗಿ ಬರಲಿಲ್ಲ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ಪ್ರಾಂತಕ್ಕೆ ಹೋದವು. ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ ಹೋದವು.

ಹೀಗಿರುವಾಗ ನಮ್ಮ ಪಾಲಿನ ಸಿನಿಮಾ ಚರಿತ್ರೆಯನ್ನು ಬೆಂಗಳೂರಿನಿಂದ ಎರವಲು ತಂದರೆ ಸಾಲುವುದಿಲ್ಲ. ನಮ್ಮ ಮನೆಯ ಲೆಕ್ಕದ ಪುಸ್ತಕದ ಮೊದಲ ಪುಟ ಬೇರೆ ಕಡೆ ಇದೆ. ಅದು ಇರುವುದು ಹೈದರಾಬಾದಿನಲ್ಲಿ, 1922ರಿಂದ 1924ರವರೆಗೆ ಬದುಕಿದ ಲೋಟಸ್ ಫಿಲಂ ಕಂಪನಿ ಎಂಬ ಸಂಸ್ಥೆಯಲ್ಲಿ. ಅದನ್ನು ಕಟ್ಟಿದವರು ಒಬ್ಬ ಬಂಗಾಳಿ ಡ್ರಾಯಿಂಗ್ ಮೇಷ್ಟ್ರು. ಹೆಸರು ಧೀರೇಂದ್ರನಾಥ ಗಂಗೂಲಿ. ಸಿನಿಮಾ ಲೋಕ ಅವರನ್ನು ಕರೆದದ್ದು ಡಿ.ಜಿ. ಎಂದು. ಇವತ್ತು ನಾನು ಹೇಳಹೊರಟಿರುವುದು ಅವರ ಕಥೆ. ಅವರ ಕಂಪನಿ ಎದ್ದದ್ದು ಹೇಗೆ ಎಂಬುದಕ್ಕಿಂತ ಅದು ಮುಳುಗಿದ್ದು ಹೇಗೆ ಎಂಬುದರಲ್ಲಿ ನನಗೆ ಹೆಚ್ಚು ಆಸಕ್ತಿ.

ಗಂಗೂಲಿ ಹುಟ್ಟಿದ್ದು 1893ರಲ್ಲಿ, ಕಲ್ಕತ್ತದಲ್ಲಿ. ಶಾಂತಿನಿಕೇತನದಲ್ಲಿ ಓದಿದವರು. ಕುಂಚ ಹಿಡಿಯುವ ಕೈ, ನಾಟಕದ ಹುಚ್ಚು. ಓದು ಮುಗಿಸಿ ಹೊಟ್ಟೆಪಾಡಿಗೆಂದು ಬಂದದ್ದು ಹೈದರಾಬಾದಿಗೆ, ನಿಜಾಮ ಸರಕಾರದ ಕಲಾಶಾಲೆಯ ಮುಖ್ಯೋಪಾಧ್ಯಾಯರಾಗಿ. ಈ ನಂಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರಿಗೆ ಇನ್ನೊಂದು ವಿದ್ಯೆ ಕರಗತವಾಗಿತ್ತು, ವೇಷ ಬದಲಿಸುವ ವಿದ್ಯೆ. ಬಣ್ಣ, ಗಡ್ಡಮೀಸೆ, ಪಂಚೆ, ಪೇಟ ಇಷ್ಟಿದ್ದರೆ ಒಂದೇ ಮುಖದಲ್ಲಿ ಹತ್ತಾರು ಮುಖ ತೋರಿಸಬಲ್ಲವರು. 1915ರಲ್ಲಿ 'ಭಾವೇರ್ ಅಭಿವ್ಯಕ್ತಿ' ಎಂಬ ಚಿತ್ರಪುಸ್ತಕ ಪ್ರಕಟಿಸಿದರು. ಅದರ ತುಂಬ ಫೋಟೋಗಳು, ಎಲ್ಲ ಫೋಟೋಗಳಲ್ಲೂ ಇರುವುದು ಅವರೊಬ್ಬರೇ, ಆದರೆ ಪ್ರತಿ ಸಲವೂ ಬೇರೆ ಮನುಷ್ಯ. ಕಲ್ಕತ್ತದ ಪೊಲೀಸರು ಗುಪ್ತಚರ ವಿಭಾಗದ ಸಿಬ್ಬಂದಿಗೆ ವೇಷ ಮರೆಸುವ ಕಲೆ ಕಲಿಸಲು ಅವರನ್ನು ಕರೆಸಿಕೊಂಡದ್ದೂ ಉಂಟು.

ಬಣ್ಣದ ಈ ವಿದ್ಯೆ ಆ ಕಾಲದ ಸಿನಿಮಾಕ್ಕೆ ಎಷ್ಟು ಬೇಕಾಗಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ಅಂದಿನ ಕಪ್ಪು ಬಿಳುಪು ಫಿಲ್ಮಿನ ಮೇಲೆ ಕೆಂಪು ಬಣ್ಣ ಮೂಡುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಕಾಣುತ್ತಿತ್ತು. ತಾಂಬೂಲ ಹಾಕಿದ ತುಟಿ ಮಸಿ ಬಳಿದಂತೆ, ಹಣೆಯ ಕುಂಕುಮ ಕಾಡಿಗೆಯಂತೆ, ಬಿಸಿಲಿನಲ್ಲಿ ಕಂದಿದ ನಮ್ಮವರ ಮೈಬಣ್ಣ ಇನ್ನೂ ಎರಡು ಪಟ್ಟು ಕಪ್ಪಾಗಿ. ಆದ್ದರಿಂದ ಮುಖಕ್ಕೆ ಯಾವ ಬಣ್ಣ ಹಚ್ಚಿದರೆ ಪರದೆಯ ಮೇಲೆ ಏನಾಗಿ ಕಾಣುತ್ತದೆ ಎಂಬ ಲೆಕ್ಕ ತಿಳಿದವನಿಲ್ಲದೆ ಮೂಕಿ ಚಿತ್ರ ಮಾಡುವಂತಿರಲಿಲ್ಲ. ಗಂಗೂಲಿಗೆ ಚಿತ್ರಕಲೆಯೂ ಗೊತ್ತು, ಮೇಕಪ್ಪೂ ಗೊತ್ತು, ಅಭಿನಯವೂ ಗೊತ್ತು. ಇಲ್ಲದಿದ್ದದ್ದು ಒಂದೇ, ಹಣ.

ಹಣವಿದ್ದದ್ದು ಕಲ್ಕತ್ತದ ಪಾರ್ಸಿ ವ್ಯಾಪಾರಿ ಜೆ.ಎಫ್. ಮದನ್ ಅವರ ಬಳಿ. 1902ರಲ್ಲಿ ಕಲ್ಕತ್ತದ ಮೈದಾನದಲ್ಲಿ ಟೆಂಟು ಹಾಕಿ ಬಯೋಸ್ಕೋಪು ತೋರಿಸಲು ಶುರು ಮಾಡಿದ ಮದನ್ ಕಂಪನಿ ಮುಂದೆ ಇಂಡಿಯಾದುದ್ದಕ್ಕೂ ನೂರಕ್ಕೂ ಹೆಚ್ಚು ಚಿತ್ರಮಂದಿರಗಳ ಒಡೆತನ ಪಡೆಯಿತು. ಗಂಗೂಲಿ ತಮ್ಮ ಪುಸ್ತಕದ ಒಂದು ಪ್ರತಿಯನ್ನು ಮದನ್ ಅವರಿಗೆ ಕಳಿಸಿದರು. ಸಾಹುಕಾರರಿಗೆ ಮೆಚ್ಚುಗೆಯಾಯಿತು. ರವೀಂದ್ರನಾಥ ಠಾಕೂರರ ನಾಟಕವೊಂದನ್ನು ಚಿತ್ರ ಮಾಡುವ ಮಾತೂ ನಡೆಯಿತು, ಆದರೆ ಕೈಗೂಡಲಿಲ್ಲ. ಕೊನೆಗೆ ಮದನ್ ಕಂಪನಿಯಲ್ಲೇ ಮ್ಯಾನೇಜರಾಗಿದ್ದ ನೀತೀಶ್ ಲಾಹಿರಿ ಹಾಗೂ ವ್ಯಾಪಾರಿ ಪಿ.ಬಿ. ದತ್ತ ಜೊತೆಗೂಡಿದರು. 1918ರಲ್ಲಿ ಇಂಡೋ ಬ್ರಿಟಿಷ್ ಫಿಲಂ ಕಂಪನಿ ಹುಟ್ಟಿತು. ಬಂಗಾಳಿಗಳದೇ ಒಡೆತನದ ಮೊದಲ ಚಿತ್ರ ತಯಾರಿಕಾ ಸಂಸ್ಥೆ ಇದು ಎನ್ನುತ್ತಾರೆ.

ಆ ಕಂಪನಿಯ ಮೊದಲ ಚಿತ್ರ 'ಬಿಲೇತ್ ಫೇರತ್', ಅಂದರೆ ಇಂಗ್ಲೆಂಡಿಗೆ ಹೋಗಿ ಮರಳಿದವನು. 1921ರಲ್ಲಿ ಬಿಡುಗಡೆ. ದೇಶದ ಬಹುತೇಕ ಚಿತ್ರಗಳು ರಾಮಾಯಣ, ಮಹಾಭಾರತಗಳ ಸುತ್ತ ಸುತ್ತುತ್ತಿದ್ದ ಕಾಲದಲ್ಲಿ, ಕೋಟು ಬೂಟು ಹಾಕಿಕೊಂಡು ಬಂದು ಮನೆಯವರನ್ನೆಲ್ಲ ಸುಧಾರಿಸಹೊರಟ ಸುಶಿಕ್ಷಿತನೊಬ್ಬನನ್ನು ನಗೆಪಾಟಲಿಗೆ ಈಡುಮಾಡಿದ ಚಿತ್ರ ಇದು. ಮುಖ್ಯ ಪಾತ್ರ ಗಂಗೂಲಿಯದೇ. ಜನ ನಕ್ಕರು, ದುಡ್ಡೂ ಬಂತು. ಆದರೆ ಪಾಲುದಾರರ ಕೂಟ ಹೆಚ್ಚು ಕಾಲ ನಿಲ್ಲಲಿಲ್ಲ. ಮದನ್ ಕಂಪನಿಯ ಆನೆಗಾತ್ರದ ಎದುರು ಕಲ್ಕತ್ತದಲ್ಲಿ ಸಣ್ಣವರಿಗೆ ಉಸಿರಾಡಲು ಜಾಗವೂ ಕಡಿಮೆ ಇತ್ತು. ಆಗ ಗಂಗೂಲಿ ತಿರುಗಿ ನೋಡಿದ್ದು ತಮ್ಮ ಹಳೆಯ ನೌಕರಿಯ ಊರಿನ ಕಡೆಗೆ.

1922ರಲ್ಲಿ ಅವರು ಹೈದರಾಬಾದಿಗೆ ಬಂದರು. ನಿಜಾಮರ ನೆರವು ದೊರೆಯಿತು. ಲೋಟಸ್ ಫಿಲಂ ಕಂಪನಿ ಸ್ಥಾಪನೆಯಾಯಿತು. ಚಿತ್ರ ತಯಾರಿಸಲು ಸ್ಟುಡಿಯೋ, ಫಿಲ್ಮು ತೊಳೆಯಲು ಲ್ಯಾಬೊರೇಟರಿ, ಜೊತೆಗೆ ಚಿತ್ರ ತೋರಿಸಲು ಎರಡು ಚಿತ್ರಮಂದಿರ.

ಸ್ಟುಡಿಯೋ ಎಂದೊಡನೆ ಈಗಿನ ರಾಮೋಜಿ ಫಿಲಂ ಸಿಟಿಯನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಆ ಕಾಲದ ನಮ್ಮ ಸ್ಟುಡಿಯೋಗಳೆಂದರೆ ಬಯಲಿನಲ್ಲಿ ಎತ್ತರಿಸಿದ ಕಟ್ಟೆ, ಹಿಂದೆ ಬಣ್ಣ ಬಳಿದ ಪರದೆ, ಮೇಲೆ ಬಿಸಿಲನ್ನು ಹದಗೊಳಿಸಲು ಬಿಳಿ ಬಟ್ಟೆ. ದೀಪ ಎಂದರೆ ಸೂರ್ಯನೇ. ಈ ದಖ್ಖಣದ ಬಿಸಿಲು ನಮಗೆ ಶಾಪವಾದರೂ ಕ್ಯಾಮರಾಕ್ಕೆ ವರ. ಆದರೆ ಅದೇ ಬಿಸಿಲು ಲ್ಯಾಬೊರೇಟರಿಗೆ ಶತ್ರು. ನೀರು ಬೆಚ್ಚಗಾದರೆ ಫಿಲ್ಮಿನ ಮೇಲಿನ ಜಿಲಾಟಿನ್ ಪದರು ಮೆತ್ತಗಾಗಿ ಚಿತ್ರ ಹಾಳು. ಬೇಸಿಗೆಯಲ್ಲಿ ಮಂಜುಗಡ್ಡೆ ಹಾಕಿ ತಣಿಸಬೇಕು. ಫಿಲ್ಮೋ ನೈಟ್ರೇಟಿನದು, ಒಂದು ಬೀಡಿಯ ಕಿಡಿ ಬಿದ್ದರೆ ಇಡೀ ಕೋಣೆ ಬೂದಿ. ಸಾವಿರ ಅಡಿಯ ಒಂದು ರೀಲು ಪರದೆಯ ಮೇಲೆ ಓಡುವುದು ಹದಿನಾರು ಹದಿನೇಳು ನಿಮಿಷ. ಅಷ್ಟಕ್ಕೆ ಇಷ್ಟೆಲ್ಲ ಸರ್ಕಸ್ಸು.

ಈ ಸ್ಟುಡಿಯೋದಿಂದ ಎರಡು ವರ್ಷಗಳಲ್ಲಿ ಹೊರಬಂದ ಚಿತ್ರಗಳ ಹೆಸರು ಕೇಳಿ: 'ಇಂದ್ರಜಿತ್', 'ಹರಗೌರಿ', 'ಯಯಾತಿ', 'ಚಿಂತಾಮಣಿ', 'ದಿ ಲೇಡಿ ಟೀಚರ್', 'ದಿ ಮ್ಯಾರೇಜ್ ಟಾನಿಕ್', ಮಲತಾಯಿಯ ಕಥೆಯ 'ಬಿಮಾತಾ'. ಅರ್ಧ ಪುರಾಣ, ಅರ್ಧ ಅಂದಂದಿನ ಬದುಕಿನ ಹಾಸ್ಯ. 'ಲೇಡಿ ಟೀಚರ್' ಎಂಬ ಹೆಸರು ಈ ಸಭೆಯ ಅಧ್ಯಾಪಕಿಯರ ಮುಖದಲ್ಲಿ ನಗು ತಂದದ್ದನ್ನು ಕಂಡೆ. ಹೆಣ್ಣುಮಗಳು ಪಾಠ ಹೇಳುವುದೇ ಸಿನಿಮಾದ ವಸ್ತುವಾಗುವಷ್ಟು ಹೊಸದಾಗಿದ್ದ ದಿನಗಳವು.

ಈ ಚಿತ್ರಗಳಿಗೆ ಮಾತಿಲ್ಲ. ಮಾತಿಲ್ಲದ್ದೇ ಅವುಗಳ ಬಲ. ನಡುನಡುವೆ ಬರುವ ಬರಹದ ಫಲಕಗಳನ್ನು ಆ ಕಾಲದಲ್ಲಿ ಎರಡು ಮೂರು ಲಿಪಿಗಳಲ್ಲಿ ಬರೆಯುವುದು ವಾಡಿಕೆ. ಓದಲು ಬಾರದವರಿಗಾಗಿ ಪರದೆಯ ಪಕ್ಕ ನಿಂತು ಗಟ್ಟಿಯಾಗಿ ಕಥೆ ಹೇಳುವವನೊಬ್ಬ ಇರುತ್ತಿದ್ದ. ನಿಜಾಮರ ರಾಜ್ಯದಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ನಾಲ್ಕೂ ಭಾಷೆಯವರಿದ್ದರು. ಓದು ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಇಂಥ ನಾಡಿಗೆ ಹೇಳಿ ಮಾಡಿಸಿದಂಥ ಕಲೆ ಮೂಕಿ ಸಿನಿಮಾ. ಬೀದರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಟೆಂಟು ಹಾಕಿ ಹಿಂದಿ ಚಿತ್ರ ತೋರಿಸುತ್ತಿದ್ದರು. ನಮ್ಮ ಪಕ್ಕ ಕೂತ ಅಜ್ಜಿ ಪ್ರತಿ ಐದು ನಿಮಿಷಕ್ಕೊಮ್ಮೆ, "ಏನಂತಾಳೋ ಅಕಿ?" ಎನ್ನುವಳು. ನಮ್ಮ ಕಾಕಾ, "ಏನಿಲ್ಲ ಆಯೀ, ತವರಮನಿಗಿ ಹೋಗ್ತೀನಂತಾಳ," ಎನ್ನುವರು. ಆ ನಾಯಕಿ ನಿಜವಾಗಿ ಹೇಳಿದ್ದು ಬೇರೆಯೇ ಇರುತ್ತಿತ್ತು. ಅಜ್ಜಿಗೆ ಮಾತ್ರ ತೃಪ್ತಿ. ಪರದೆಯ ಪಕ್ಕದ ಆ ಹಳೆಯ ಕಥೆಗಾರನ ಕೊನೆಯ ವಾರಸುದಾರರು ನಮ್ಮ ಕಾಕಾ ಎಂದು ಈಗ ಅನ್ನಿಸುತ್ತದೆ.

ಇನ್ನು ವ್ಯಾಪಾರದ ವಿಷಯಕ್ಕೆ ಬರೋಣ. ಗಂಗೂಲಿಯ ಏಳುಬೀಳಿನ ಗುಟ್ಟು ಇರುವುದು ಅಲ್ಲಿ.

ಚಿತ್ರ ತಯಾರಿಸುವವನಿಗೂ ತೋರಿಸುವವನಿಗೂ ಮೊದಲಿನಿಂದಲೂ ಜಗಳ. ತಯಾರಿಸುವವನು ಸಾಲ ಮಾಡಿ ಹಣ ಹೂಡುತ್ತಾನೆ. ಟಿಕೆಟ್ಟಿನ ಚಿಲ್ಲರೆ ಬಂದು ಬೀಳುವುದು ಚಿತ್ರಮಂದಿರದ ಪೆಟ್ಟಿಗೆಗೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಮಾಡಿದ ದಾದಾಸಾಹೇಬ ಫಾಲ್ಕೆ ಕಲೆಗಾರಿಕೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, ಆದರೆ ಅವರ ಕೈಯಲ್ಲಿ ಚಿತ್ರಮಂದಿರಗಳ ಜಾಲವಿರಲಿಲ್ಲ, ಕೊನೆಯವರೆಗೂ ಹಣಕ್ಕೆ ತತ್ವಾರ. ಮದನ್ ಕಲೆಗಾರರಲ್ಲ, ಆದರೆ ಅವರ ಹತ್ತಿರ ಮಂದಿರಗಳಿದ್ದವು, ಗೆದ್ದರು. ಕಲ್ಕತ್ತದಲ್ಲಿ ಇದನ್ನು ಕಣ್ಣಾರೆ ಕಂಡ ಗಂಗೂಲಿ ಹೈದರಾಬಾದಿನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡರು. ತಮ್ಮದೇ ಚಿತ್ರ, ತಮ್ಮದೇ ಮಂದಿರ. ಲೆಕ್ಕದಲ್ಲಿ ತಪ್ಪೇನೂ ಇಲ್ಲ.

ಆದರೆ ಚಿತ್ರಮಂದಿರ ಎಂಬುದು ದಿನಾ ಒಲೆ ಉರಿಯಬೇಕಾದ ಖಾನಾವಳಿ. ಎಷ್ಟೇ ಚುರುಕಾಗಿ ದುಡಿದರೂ ಒಂದು ಕಂಪನಿ ವರ್ಷಕ್ಕೆ ಮಾಡುವುದು ಮೂರೋ ನಾಲ್ಕೋ ಚಿತ್ರ. ಎರಡು ಪರದೆಗಳಿಗೆ ವಾರವಾರವೂ ಹೊಸದು ಬೇಕು. ಉಳಿದ ವಾರಗಳಿಗೆ ಹೊರಗಿನ ಚಿತ್ರಗಳನ್ನು ಬಾಡಿಗೆಗೆ ತರಲೇಬೇಕು. ತಂದದ್ದರಲ್ಲಿ ಏನಿದೆ ಎಂಬ ಜವಾಬ್ದಾರಿ ಮಾತ್ರ ತೋರಿಸಿದವನ ತಲೆಯ ಮೇಲೆ. ಗಂಗೂಲಿಯ ಕತ್ತಿಗೆ ಕುಣಿಕೆ ಬಿದ್ದದ್ದು ಇಲ್ಲಿ ಎಂದು ನನ್ನ ಎಣಿಕೆ.

1924ರಲ್ಲಿ ಮುಂಬಯಿಯ ಕಂಪನಿಯೊಂದು ತಯಾರಿಸಿದ 'ರಜಿಯಾ ಬೇಗಂ' ಎಂಬ ಚಿತ್ರವನ್ನು ಅವರು ಹೈದರಾಬಾದಿನಲ್ಲಿ ತೋರಿಸಿದರು.

ರಜಿಯಾ ದಿಲ್ಲಿಯ ಸುಲ್ತಾನ ಇಲ್ತಮಶನ ಮಗಳು. 1236ರಿಂದ 1240ರವರೆಗೆ ಸಿಂಹಾಸನದಲ್ಲಿದ್ದವಳು. ಗಂಡಸರಂತೆ ನಿಲುವಂಗಿ ತೊಟ್ಟು, ಆನೆಯೇರಿ ಬಹಿರಂಗವಾಗಿ ತಿರುಗಿದವಳು. ಅವಳ ವಿಶ್ವಾಸಕ್ಕೆ ಪಾತ್ರನಾಗಿ ಕುದುರೆ ಲಾಯದ ಮುಖ್ಯಸ್ಥನಾದವನು ಯಾಕೂತ್ ಎಂಬ ಹಬಸಿ, ಅಂದರೆ ಅಬಿಸೀನಿಯದ ಮೂಲದವನು. ತುರ್ಕಿ ಸರದಾರರಿಗೆ ಇದು ಸಹಿಸಲಿಲ್ಲ. ಯಾಕೂತ್ ಕೊಲೆಯಾದ, ರಜಿಯಾಳೂ ಬಹಳ ದಿನ ಉಳಿಯಲಿಲ್ಲ. ಹಬಸಿ ಎಂಬ ಮಾತು ಬೀದರಿನವರಿಗೆ ಹೊಸದಲ್ಲ. ಊರ ಮಗ್ಗುಲಲ್ಲೇ ಹಬಸಿ ಕೋಟದ ಗುಡ್ಡವಿದೆ. ಬಹಮನಿ ಕಾಲದ ಹಬಸಿ ಸರದಾರರ ಗೋರಿಗಳು ಅಲ್ಲಿವೆ. ಆ ಆಸ್ಥಾನದಲ್ಲಿಯೂ ದಖ್ಖಣಿಗಳು, ಹಬಸಿಗಳು ಒಂದು ಕಡೆ, ಇರಾಣದಿಂದ ಬಂದ ಅಫಾಕಿಗಳು ಇನ್ನೊಂದು ಕಡೆ ನಿಂತು ಕಾದಾಡಿದ್ದು ಚರಿತ್ರೆ.

ಚಿತ್ರದ ಕಥೆ ಮಾತ್ರ ಚರಿತ್ರೆಯಿಂದ ಬೇರೆ ದಾರಿ ಹಿಡಿದಿತ್ತು. ಅದರಲ್ಲಿ ಮುಸ್ಲಿಂ ರಾಜಕುವರಿಯ ಪ್ರೇಮ ಹರಿದದ್ದು ಹಿಂದೂ ಒಬ್ಬನ ಕಡೆಗೆ. ಮುಂಬಯಿಯಲ್ಲಿ ಕೂತವರಿಗೆ ಇದೊಂದು ಪ್ರೇಮಕಥೆ. ಹೈದರಾಬಾದಿನಲ್ಲಿ ಹಾಗಲ್ಲ. ಅಲ್ಲಿ ಸಿಂಹಾಸನದಲ್ಲಿರುವವರು ಮುಸ್ಲಿಮರು, ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು. ಅರಮನೆಯ ಹೆಣ್ಣು, ಪರದೆ, ಪ್ರಜೆ, ಧರ್ಮ ಎಲ್ಲವನ್ನೂ ಒಟ್ಟಿಗೆ ಮುಟ್ಟಿದ ಆ ಕಥೆ ದೊರೆಗೆ ತಮ್ಮ ಮನೆಯ ಬಾಗಿಲಿಗೇ ಬಂದು ಬಡಿದಂತೆ ಕಂಡಿರಬೇಕು. ಹುಕುಂ ಹೊರಟಿತು: ಇಪ್ಪತ್ನಾಲ್ಕು ಗಂಟೆಗಳೊಳಗೆ ರಾಜ್ಯ ಬಿಡಬೇಕು.

ಒಂದು ಹಗಲು, ಒಂದು ರಾತ್ರಿ. ಸ್ಟುಡಿಯೋ ಹೋಯಿತು, ಲ್ಯಾಬೊರೇಟರಿ ಹೋಯಿತು, ಎರಡು ಮಂದಿರಗಳೂ ಹೋದವು. ತಾವು ತೆಗೆಯದ ಚಿತ್ರ, ತಾವು ಬರೆಯದ ಕಥೆ, ತಾವು ಹಚ್ಚದ ಬಣ್ಣಕ್ಕಾಗಿ ಅವರು ಎಲ್ಲವನ್ನೂ ಕಳೆದುಕೊಂಡರು.

ಇದನ್ನು ಕೇಳಿದಾಗಲೆಲ್ಲ ನನಗೆ ಮಹಮೂದ್ ಗಾವಾನನ ನೆನಪಾಗುತ್ತದೆ. 1472ರಲ್ಲಿ ಈ ಊರಿಗೆ ಮದರಸಾ ಕಟ್ಟಿಸಿಕೊಟ್ಟ ಆ ಮಂತ್ರಿಯನ್ನು, ಖೊಟ್ಟಿ ಪತ್ರವೊಂದನ್ನು ನಂಬಿ ಕುಡಿದ ಮತ್ತಿನಲ್ಲಿದ್ದ ಸುಲ್ತಾನ 1481ರಲ್ಲಿ ಕೊಲ್ಲಿಸಿದ. ಹೋಲಿಕೆಯನ್ನು ಬಹಳ ಎಳೆಯುವುದು ಬೇಡ. ಗಾವಾನ ಪ್ರಾಣ ಕಳೆದುಕೊಂಡ, ಗಂಗೂಲಿಗೆ ಹೋದದ್ದು ಕಂಪನಿ. ಆದರೆ ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ ಎಂಬುದು ಎರಡು ಕಡೆಯೂ ಒಂದೇ.

ಕೆಲವರು ಕೇಳಬಹುದು, ಬ್ರಿಟಿಷ್ ಇಂಡಿಯಾದಲ್ಲಿ ಚಿತ್ರಗಳನ್ನು ನಿಷೇಧಿಸುತ್ತಿರಲಿಲ್ಲವೆ ಎಂದು. ಧಾರಾಳವಾಗಿ ನಿಷೇಧಿಸುತ್ತಿದ್ದರು. 1918ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ 1920ರಲ್ಲಿ ಮುಂಬಯಿ, ಕಲ್ಕತ್ತ, ಮದ್ರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. 1921ರ 'ಭಕ್ತ ವಿದುರ'ದ ನಾಯಕ ಗಾಂಧಿಟೋಪಿಯ ಗಾಂಧೀಜಿಯಂತೆಯೇ ಕಂಡನೆಂದು ಮದ್ರಾಸು ಪ್ರಾಂತದಲ್ಲಿ ಅದಕ್ಕೆ ನಿಷೇಧ ಬಿತ್ತು, ಕರಾಚಿಯಲ್ಲಿಯೂ ಬಿತ್ತು. ಆದರೆ ಅದನ್ನು ತಯಾರಿಸಿದ ಕೊಹಿನೂರ್ ಕಂಪನಿ ಮುಂಬಯಿಯಲ್ಲಿ ಬಾಗಿಲು ಮುಚ್ಚಲಿಲ್ಲ. ಒಂದು ಪ್ರಾಂತ ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. ನಿಷೇಧ ಬೀಳುತ್ತಿದ್ದದ್ದು ಚಿತ್ರದ ಮೇಲೆ. ಹೈದರಾಬಾದಿನಲ್ಲಿ ಬಿದ್ದದ್ದು ಮನುಷ್ಯನ ಮೇಲೆ. ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಆ ವರ್ಷಗಳ ಹೈದರಾಬಾದಿನ ಹವೆಯನ್ನೂ ಗಮನಿಸಬೇಕು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಹೊರಟದ್ದು 1920ರ ದಶಕದ ಆರಂಭದಲ್ಲಿ. ಸಭೆ ಸೇರಬೇಕಾದರೆ ಮುಂಚಿತವಾಗಿ ಸರಕಾರದ ಪರವಾನಗಿ ಬೇಕು ಎಂಬುದು ಅದರ ತಿರುಳು. ಖಾಸಗಿ ಶಾಲೆ ತೆರೆಯಲೂ ಪರವಾನಗಿ ಬೇಕಾಯಿತು. ಕಮಲನಗರ, ಭಾಲ್ಕಿಗಳಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಜಿಲ್ಲೆಯಲ್ಲಿ ಮನೆಮಾತು. ಸಭೆ, ಶಾಲೆ, ಸಿನಿಮಾ ಮೂರೂ ಜನ ಒಂದೆಡೆ ಕೂಡುವ ಜಾಗಗಳು. ಜನ ಕೂಡುವ ಜಾಗಗಳ ಬಗ್ಗೆ ಆ ಸರಕಾರಕ್ಕೆ ಅಂಜಿಕೆ ಇತ್ತು. ಗಂಗೂಲಿಯ ಪ್ರಸಂಗವನ್ನು ದೊರೆಯೊಬ್ಬನ ಮುಂಗೋಪವೆಂದಷ್ಟೇ ಓದಿದರೆ ಅರ್ಧ ಓದಿದಂತೆ.

ಹಾಗೆಂದು ಒಂದೇ ಬಣ್ಣ ಬಳಿಯುವುದೂ ಸರಿಯಲ್ಲ. ಇದೇ ನಿಜಾಮ ಸರಕಾರದ ಪ್ರಾಚ್ಯವಸ್ತು ಇಲಾಖೆ ಗುಲಾಂ ಯಜ್ದಾನಿಯವರ ಮುಂದಾಳುತನದಲ್ಲಿ ಬೀದರಿನ ಕೋಟೆ, ಗೋರಿ, ಮದರಸಾಗಳನ್ನು ದುರಸ್ತಿ ಮಾಡಿಸಿತು. ಯಜ್ದಾನಿಯವರು ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಸಾಟಿಯಾದದ್ದು ನಮ್ಮಲ್ಲಿ ಅಪರೂಪ. ಗಂಗೂಲಿಗೆ ಮೊದಲು ಕೈಹಿಡಿದು ಸ್ಟುಡಿಯೋ ಕಟ್ಟಲು ನೆರವಾದದ್ದೂ ಅದೇ ದರಬಾರು. ಕೊಟ್ಟ ಕೈಯೇ ಕಸಿದುಕೊಂಡಿತು.

ರಾಜಾಶ್ರಯವೇ ಕೆಟ್ಟದ್ದೆ? ಹಾಗೂ ಹೇಳಲಾಗದು. ಕೊಲ್ಹಾಪುರವನ್ನು ನೋಡಿ. ಅದೂ ಸಂಸ್ಥಾನವೇ. ಅಲ್ಲಿ ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲಂ ಕಂಪನಿ ಕಟ್ಟಿದಾಗ ಹಣ ಕೊಟ್ಟವರಲ್ಲಿ ಮುಖ್ಯಳು ತಾನೀಬಾಯಿ ಕಾಗಲ್ಕರ್ ಎಂಬ ಗಾಯಕಿ. ಅವರ ಗರಡಿಯಲ್ಲಿ ಪಳಗಿದ ವಿ. ಶಾಂತಾರಾಮ್ ಮತ್ತು ಸಂಗಡಿಗರು 1929ರಲ್ಲಿ ಪ್ರಭಾತ್ ಕಂಪನಿ ಆರಂಭಿಸಿದರು. ಒಂದು ಕಂಪನಿ ಸೊರಗಿದರೆ ಅದರ ಬೇರಿನಿಂದ ಇನ್ನೊಂದು ಚಿಗುರಿತು. ನಾನು ಮೊದಲು ಹೆಸರಿಸಿದ 'ಸತಿ ಸುಲೋಚನ' ಇದೆಯಲ್ಲ, ಬೆಂಗಳೂರಿನ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ ಹಣ ಹೂಡಿ, ವೈ.ವಿ. ರಾವ್ ನಿರ್ದೇಶಿಸಿದ ನಮ್ಮ ಆ ಮೊದಲ ಮಾತಿನ ಚಿತ್ರ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ.

ಮೈಸೂರು ಸಂಸ್ಥಾನದ್ದು ಮತ್ತೊಂದು ಮಾದರಿ. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿ ಅವರ ಸೂರ್ಯ ಫಿಲಂ ಕಂಪನಿ ಮೂಕಿ ಚಿತ್ರಗಳನ್ನು ತಯಾರಿಸಿತು. ನಾಟಕರತ್ನ ಗುಬ್ಬಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ 'ಹಿಸ್ ಲವ್ ಅಫೇರ್', 'ಹರಿ ಮಾಯಾ'ದಂಥ ಮೂಕಿ ಚಿತ್ರ ಮಾಡಿದರು. ವೀರಣ್ಣನವರ ಬೆನ್ನಿಗೆ 1884ರಲ್ಲಿ ಸ್ಥಾಪನೆಯಾದ ನಾಟಕ ಕಂಪನಿ ಇತ್ತು. ಸಿನಿಮಾದಲ್ಲಿ ಏಟು ಬಿದ್ದರೂ ಊರೂರಿನ ಥಿಯೇಟರಿನ ಗಲ್ಲಾಪೆಟ್ಟಿಗೆ ತಡೆಹಿಡಿಯುತ್ತಿತ್ತು. ಅವರ ಯಜಮಾನರು ಟಿಕೆಟ್ಟು ಕೊಂಡ ಸಾವಿರಾರು ಪ್ರೇಕ್ಷಕರು. ಗಂಗೂಲಿಯ ಯಜಮಾನರು ಒಬ್ಬರೇ. ಆ ಒಬ್ಬ ಪ್ರೇಕ್ಷಕ ಮುಖ ತಿರುಗಿಸಿದರೆ ಎಲ್ಲವೂ ಮುಗಿಯಿತು.

ಇದರಿಂದ ನಷ್ಟವಾದದ್ದು ಗಂಗೂಲಿಗೆ ಮಾತ್ರವಲ್ಲ. ಅವರು ಜಾಣರು, ಮತ್ತೆ ಎದ್ದರು. ನಷ್ಟ ಉಳಿದದ್ದು ನಮಗೆ. ಒಂದು ಸ್ಟುಡಿಯೋ ಹತ್ತು ವರ್ಷ ನಡೆದರೆ ಅದರ ಸುತ್ತ ಕಸುಬು ಬೆಳೆಯುತ್ತದೆ. ಕ್ಯಾಮರಾದ ಹಿಡಿಕೆ ತಿರುಗಿಸಲು ಕಲಿತ ಹುಡುಗ, ರೀಲು ತೊಳೆಯುವವನು, ಪರದೆ ಬರೆಯುವವನು, ಟೆಂಟು ಹೊತ್ತು ತಾಲ್ಲೂಕು ತಿರುಗುವವನು. ಕೊಲ್ಹಾಪುರದಲ್ಲಿ ಹಾಗೆ ಆಯಿತು. ಹೈದರಾಬಾದಿನಲ್ಲಿ ಬೇರು ಇಳಿಯುವ ಮೊದಲೇ ಗಿಡ ಕಿತ್ತರು. ಬೀದರಿಗೆ ರೈಲು ಬರುವುದಕ್ಕೂ ಮುಂಚಿನ ಮಾತಿದು. ಮುಂದೆ ವಿಕಾರಾಬಾದಿನಿಂದ ಬೀದರಿಗೆ, ಅಲ್ಲಿಂದ ಭಾಲ್ಕಿ, ಕಮಲನಗರಗಳ ಮೇಲೆ ಪರಳಿಯ ಕಡೆಗೆ ಹಳಿ ಬಿದ್ದಾಗ ಆ ದಾರಿಯಲ್ಲಿ ಸಾಗಬಹುದಾಗಿದ್ದ ಹೈದರಾಬಾದಿನ ಚಿತ್ರದ ಡಬ್ಬಿಗಳಲ್ಲಿ ಲೋಟಸ್ಸಿನವು ಇರಲಿಲ್ಲ. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಸಾರಥಿ ಸ್ಟುಡಿಯೋ ಎದ್ದದ್ದು 1950ರ ದಶಕದಲ್ಲಿ. ಅಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು, ನಾವೂ ಆ ರಾಜ್ಯದಿಂದ ಈ ರಾಜ್ಯಕ್ಕೆ ಬರುವ ಹೊತ್ತಾಗಿತ್ತು.

ಗಂಗೂಲಿಯ ಮುಂದಿನ ಬದುಕನ್ನು ಬೇಗ ಹೇಳಿ ಮುಗಿಸುತ್ತೇನೆ. ಕಲ್ಕತ್ತಕ್ಕೆ ಮರಳಿ 1929ರಲ್ಲಿ ಬ್ರಿಟಿಷ್ ಡೊಮಿನಿಯನ್ ಫಿಲಂಸ್ ಕಟ್ಟಿದರು. ಮುಂದೆ ಹೆಸರಾದ ದೇವಕಿ ಬೋಸ್, ಪ್ರಮಥೇಶ್ ಬರುವಾ ಇಬ್ಬರೂ ಅದರ ನೆರಳಿನಲ್ಲಿ ಸಿನಿಮಾಕ್ಕೆ ಕಾಲಿಟ್ಟವರು. 1931ರಲ್ಲಿ 'ಆಲಂ ಆರಾ' ಮಾತಾಡಿದ ಮೇಲೆ ಮೂಕಿ ಕಂಪನಿಗಳೆಲ್ಲ ನೆಲ ಕಚ್ಚಿದವು, ಇದೂ ಕಚ್ಚಿತು. ಗಂಗೂಲಿ ನ್ಯೂ ಥಿಯೇಟರ್ಸ್ ಸೇರಿದರು. ಅಲ್ಲಿ 1934ರಲ್ಲಿ 'ಎಕ್ಸ್‌ಕ್ಯೂಸ್ ಮಿ ಸರ್' ಎಂಬ ನಗೆಚಿತ್ರ ಮಾಡಿದರು. ಮತ್ತೆ ಸ್ವಂತ ಸ್ಟುಡಿಯೋ ಕಟ್ಟಲಿಲ್ಲ. 1974ರಲ್ಲಿ ಪದ್ಮಭೂಷಣ, 1975ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. 1978ರ ನವೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೈದು ವರ್ಷ. ಅವರನ್ನು ಗಡಿಪಾರು ಮಾಡಿದ ರಾಜ್ಯ ನಕಾಶೆಯಿಂದ ಅಳಿಸಿಹೋಗಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು.

ಇಂಡಿಯಾದಲ್ಲಿ ತಯಾರಾದ ಸಾವಿರದ ಮುನ್ನೂರರಷ್ಟು ಮೂಕಿ ಚಿತ್ರಗಳಲ್ಲಿ ಇವತ್ತು ನೋಡಲು ಸಿಗುವುದು ಎರಡು ಮೂರು ಡಜನ್ ಮಾತ್ರ. ಹಲವು ಉರಿದುಹೋದವು, ಹಲವನ್ನು ಬೆಳ್ಳಿಯ ಆಸೆಗೆ ಕರಗಿಸಿದರು. ಆದ್ದರಿಂದ ಆ ಕಾಲವನ್ನು ನಾವು ತಿಳಿಯಬೇಕಾದದ್ದು ಕಾಗದಗಳಿಂದ: ಕರಪತ್ರ, ಟಿಕೆಟ್ಟು, ಚಿತ್ರದ ಕಥೆ ಅಚ್ಚು ಹಾಕಿ ಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಸಣ್ಣ ಪುಸ್ತಿಕೆ, ವಕೀಲಿ ಮಾಡಲು ಹೈದರಾಬಾದಿಗೆ ಹೋದವರು ಮನೆಗೆ ಬರೆದ ಪತ್ರ.

ಈ ಸಭೆಯಲ್ಲಿರುವ ಬೀದರು, ಭಾಲ್ಕಿ, ಔರಾದಿನ ಹಳೆಯ ಮನೆಗಳವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಮಾಳಿಗೆಯ ಮೇಲೆ ಅಜ್ಜನ ಕಾಲದ ಟ್ರಂಕು ಇದ್ದರೆ, ಅದರಲ್ಲಿ ಉರ್ದು ಅಚ್ಚಿನ ಹರಕು ಕಾಗದ ಸಿಕ್ಕರೆ, ಓದಲು ಬರುವುದಿಲ್ಲವೆಂದು ರದ್ದಿಯವನಿಗೆ ಹಾಕಬೇಡಿ. ಓದಿ ಹೇಳುವವರು ಬೀದರಿನಲ್ಲಿ ಇನ್ನೂ ಇದ್ದಾರೆ.